ಎರಡು ಮುಲುಕಿನ ಪರವಾನಗಿ

ಮುರಿಗೆಪ್ಪನ ಮನೆಯಲ್ಲಿ ಊಟಕ್ಕೆ ಸರದಿ ಇದ್ದಂತೆ ಹೊಡೆತಕ್ಕೂ ಸರದಿ ಇತ್ತು. ಮುರಿಗೆಪ್ಪ ಮೊದಲು ಗಾಣದ ಎತ್ತಿಗೆ ಹೊಡೆಯುತ್ತಿದ್ದ. ಎತ್ತು ಕೈಗೆ ಸಿಗದಿದ್ದರೆ ಹಿರಿಯ ಮಗ ಲಕ್ಕಪ್ಪನಿಗೆ. ಲಕ್ಕಪ್ಪ ಹೆಂಡತಿಗೆ ಹೊಡೆಯುತ್ತಿದ್ದ. ಆ ಹೆಂಡತಿ ಪಾರವ್ವ ಹಿಂದಿನ ವರ್ಷ ಹಿತ್ತಲ ಬಾವಿಗೆ ಬಿದ್ದು ಸತ್ತಳು. ಕಾಲು ಜಾರಿತು ಎಂದು ಮನೆಯವರು ಹೇಳಿದರು, ಮೂಡಲಗಿಯ ಓಣಿಯವರು ಹೂಂ ಎಂದರು. ಬಾವಿಯನ್ನು ಯಾರೂ ಕೇಳಲಿಲ್ಲ.

ಕಿರಿಯ ಮಗ ಅಪ್ಪಣ್ಣ ಗೋಕಾಕದಲ್ಲಿ ವಾಯರ್‌ಮನ್. ಕಂತ್ರಾಟದಾರನೊಬ್ಬನ ಕೈಕೆಳಗೆ ತಂತಿ ಎಳೆಯುವುದು, ಬಂಗಲೆಗಳಿಗೆ ದೀಪ ಕೂಡಿಸುವುದು ಅವನ ಕೆಲಸ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮುಂಬಯಿ ಸರಕಾರದ ಪರವಾನಗಿ ಅವನ ಹತ್ತಿರ ಇತ್ತು. ಆದರೆ ಅದು ನಡೆಯುವುದು ಇಂಗ್ರೇಜರ ಮುಲುಕಿನಲ್ಲಿ ಮಾತ್ರ. ಹೊಳೆ ದಾಟಿ ಸಂಸ್ಥಾನದ ಸೀಮೆಯಲ್ಲಿ ಕಾಲಿಟ್ಟರೆ ಅದು ರದ್ದಿ ಕಾಗದ. ಅಲ್ಲಿಯ ರಾಜರ ಕಾಯದೆ ಬೇರೆ, ಇಂಜಿನಿಯರ ಬೇರೆ, ಪರೀಕ್ಷೆಯೂ ಬೇರೆ. ಈಗ ಸಂಸ್ಥಾನದ ಪೇಟೆಗೆ ಹೊಸದಾಗಿ ಬೀದಿದೀಪ ಬಂದಿದ್ದವು. ಎರಡೂ ಮುಲುಕಿನ ಪರವಾನಗಿ ಇದ್ದವನಿಗೆ ಅಲ್ಲಿ ಲೈನ್ ಮೇಸ್ತ್ರಿಯ ಕೆಲಸ, ಇರಲು ಎರಡು ಕೋಣೆಯ ಮನೆ.

ಆ ಎರಡು ಕೋಣೆಯ ಮೇಲೆ ಅಪ್ಪಣ್ಣನಿಗಿಂತ ಅವನ ಹೆಂಡತಿ ಶಿವಗಂಗವ್ವನಿಗೆ ಹೆಚ್ಚು ಆಸೆ. ಪಾರವ್ವ ಬಿದ್ದ ಬಾವಿಯಿಂದ ದಿನಾ ನೀರು ಸೇದುವವಳು ಅವಳು.

ಪರೀಕ್ಷೆಗೆ ಹೋಗಿದ್ದ ಅಪ್ಪಣ್ಣ ತಿರುಗಿ ಬಂದಾಗ ಗಂಡಸರು ಊಟಕ್ಕೆ ಕುಳಿತಿದ್ದರು. ಅವನೂ ಕೈಕಾಲು ತೊಳೆದು ಕುಳಿತ. ಅವನ ತಾಯಿ ಕಾಶೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಶಿವಗಂಗವ್ವ ಬಡಿಸುತ್ತಿದ್ದಳು.

"ಆತೇನ್ಲೇ ಪರೀಕ್ಷಾ?" ಎಂದ ಮುರಿಗೆಪ್ಪ.

"ಇಲ್ರಿ ಯಪ್ಪಾ. ಹೊರಗ ಹಾಕಿದ್ರು."

"ಯಾಕ? ಬರಲಿಲ್ಲೇನು?"

"ಬರ್ತಿತ್ರಿ. ಕಂಬ ಏರೂ ಮೊದಲ ಸಾಹೇಬ ಕೊಳ್ಳಾಗಿನ ಕರಡಿಗಿ ನೋಡಿದ. ಮೈಮ್ಯಾಲ ಬೆಳ್ಳಿ, ಬಂಗಾರ, ಕಬ್ಬಿಣ ಏನೂ ಇರಬಾರದು, ಬಿಚ್ಚಿಡು ಅಂದ. ನಾ ಬಿಚ್ಚಲಿಲ್ಲ."

ಲಿಂಗ ಇಟ್ಟು ಕೊರಳಿಗೆ ತೂಗಿಕೊಳ್ಳುವ ಆ ಬೆಳ್ಳಿ ಡಬ್ಬಿ ಮುರಿಗೆಪ್ಪನ ಅಪ್ಪನದು. ನ್ಯಾಯವಾಗಿ ಅದು ಹಿರಿಯ ಮಗನಿಗೆ ಬರಬೇಕು. ಆದರೆ ಅಪ್ಪಣ್ಣನ ಲಗ್ನದಲ್ಲಿ ಮುರಿಗೆಪ್ಪ, "ತಂತಿ ಜೋಡಿ ಆಡಾಂವ, ಇವನ ಎದಿಮ್ಯಾಲ ಇರ್ಲಿ" ಎಂದು ಕಿರಿಯವನ ಕೊರಳಿಗೇ ಹಾಕಿದ್ದ. ಅಂದಿನಿಂದ ಲಕ್ಕಪ್ಪ ತಮ್ಮನ ಮುಖ ನೋಡಿ ಮಾತನಾಡಿದವನಲ್ಲ.

"ಭೇಷ್!" ಮುರಿಗೆಪ್ಪ ತೊಡೆ ತಟ್ಟಿದ. "ಈ ಮನಿ ಮಗಾ ಅಂದ್ರ ನೀ. ಏ ಕಾಶೀ, ಅವನ ತಾಟಿನ್ಯಾಗ ಇನ್ನಷ್ಟು ತುಪ್ಪಾ ಹಾಕು."

ಶಿವಗಂಗವ್ವನ ಕೈಯಲ್ಲಿ ಪಲ್ಯದ ಪಾತ್ರೆ ಇತ್ತು. ಅವಳು ನಿಂತಲ್ಲೇ ಅಂದಳು: "ಲಿಂಗ ಬಿಚ್ಚೂದು ಬ್ಯಾಡ್ರಿ ಮಾವಾರ. ಬೆಳ್ಳಿ ಅಷ್ಟ ಬಿಟ್ಟಿದ್ರ ಆಗ್ತಿತ್ತು. ಅರಿವ್ಯಾಗ ಕಟ್ಟಿ ಕೊಳ್ಳಾಗ ಹಾಕ್ಕೋಬಹುದು. ನಮ್ಮ ಹುಕ್ಕೇರ್ಯಾಗ ಅರ್ಧಾ ಓಣಿ ಹಂಗ ಹಾಕ್ಕೋತಾರ."

"ಅರಿವ್ಯಾಗ? ಮುರಿಗೆಪ್ಪನ ಮಗಾ ಅರಿವ್ಯಾಗ ಲಿಂಗಾ ಕಟ್ಕೋಬೇಕ? ಭಿಕ್ಷಾ ಬೇಡಾವ್ರ ಹಂಗ?"

ಇನ್ನೊಂದು ಮಾತು ಬರುವ ಮೊದಲು ನೀರು ತುಂಬಿದ ಹಿತ್ತಾಳೆ ತಂಬಿಗೆ ಹಾರಿ ಬಂದು ಅವಳ ಹಣೆಗೆ ಬಡಿಯಿತು. ಹುಬ್ಬಿನ ಮೇಲೆ ಚರ್ಮ ಸೀಳಿ ರಕ್ತ ಪಲ್ಯದ ಪಾತ್ರೆಗೆ ಇಳಿಯಿತು. ಲಕ್ಕಪ್ಪ ತಾಟು ಹಿಂದಕ್ಕೆ ಸರಿಸಿಕೊಂಡ, ರಕ್ತ ಬಿದ್ದ ಪಲ್ಯ ಅವನಿಗೆ ಬೇಡ. ಶಿವಗಂಗವ್ವ ಸೆರಗಿನಿಂದ ಹಣೆ ಒತ್ತಿಕೊಂಡು ತಂಬಿಗೆ ಎತ್ತಿದಳು, ಮತ್ತೆ ನೀರು ತುಂಬಿ ಮಾವನ ಮುಂದೆ ಇಟ್ಟಳು.

"ಗಂಡಸರ ಮಾತಿಗೆ ಯಾಕ ನಿಲ್ತಿ?" ಎಂದು ಕಾಶೆವ್ವ ಅವಳನ್ನೇ ಗದರಿದಳು.

ಹಿತ್ತಲಲ್ಲಿ ಅಪ್ಪಣ್ಣನೂ ಅದನ್ನೇ ಕೇಳಿದ. "ನಿನಗ ಬಾಯಿ ಯಾಕ ಬೇಕಿತ್ತು?"

"ನಿಮಗ ಇರಲಿಲ್ಲಲ್ಲ, ಅದಕ್ಕ."

ಅವನು ಅವಳ ಕೆನ್ನೆಗೆ ಹೊಡೆದ. ಹೊಡೆದ ಮೇಲೆ ಅವನಿಗೇ ನಾಚಿಕೆಯಾಗಿ ಬಾವಿಯ ಕಡೆ ಮುಖ ತಿರುಗಿಸಿ ನಿಂತ. ನಾಚಿಕೆಯಾದರೆ ಏನು ಬಂತು? ಸರದಿ ಅವನವರೆಗೆ ಬಂದು ಮುಟ್ಟಿತ್ತು.

ಪಂಚಮಿ ಹಬ್ಬಕ್ಕೆ ಶಿವಗಂಗವ್ವ ತವರಿಗೆ ಹೋದಳು. ಹುಕ್ಕೇರಿಯಲ್ಲಿ ಅವಳ ಅಣ್ಣ ಮಾಲಿಂಗಪ್ಪ ಹಿಟ್ಟಿನ ಗಿರಣಿ ಇಟ್ಟಿದ್ದ. ಎಣ್ಣೆಯ ಇಂಜಿನ್ನಿಗೆ ಒಂದು ಡೈನಮೋ ಕಟ್ಟಿ ಗಿರಣಿಗೆ ದೀಪ ಮಾಡಿಕೊಂಡಿದ್ದ. ಹೆಂಡತಿಯನ್ನು ಕರೆಯಲು ಬಂದ ಅಪ್ಪಣ್ಣನಿಗೆ ಮಾಲಿಂಗಪ್ಪ, "ದೀಪ ಮಿಣಕ್ ಮಿಣಕ್ ಅನ್ನಾಕತ್ತಾವು, ಒಂದೀಟು ನೋಡ್ರೆಲಾ ಅಪ್ಪಣ್ಣಾರ" ಎಂದ.

ಇಂಜಿನ್ ಓಡುತ್ತಿತ್ತು. ಗಿರಣಿಯ ಸೆಕೆಗೆ ಅಪ್ಪಣ್ಣ ಅಂಗಿ ಬಿಚ್ಚಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಡೈನಮೋದ ಮೇಲೆ ಬಗ್ಗಿದ. ಮೈಯೆಲ್ಲಾ ಬೆವರು. ಕೊರಳಿನ ದಾರ ಉದ್ದವಿತ್ತು. ಕರಡಿಗೆ ಎದೆಯಿಂದ ಜೋತುಬಿದ್ದು ಒಂದು ಸಲ ಓಲಾಡಿತು, ಎರಡನೆಯ ಸಲ ತಂತಿಯ ಬಾಯಿಗೆ ಮುಟ್ಟಿತು. ನೀಲಿ ಕಿಡಿ ಹಾರಿತು. ಅಪ್ಪಣ್ಣ ಕೂಗಲೂ ಇಲ್ಲ. ತಂತಿಗೇ ಅಂಟಿಕೊಂಡು ನಡುಗತೊಡಗಿದ. ಮಾಲಿಂಗಪ್ಪ ಓಡಿ ಇಂಜಿನ್ ಬಂದ್ ಮಾಡಿದ. ಅಪ್ಪಣ್ಣ ಜೋಳದ ಚೀಲದ ಮೇಲೆ ಬಿದ್ದ. ಎದೆಯ ನಡುವೆ ಕರಡಿಗೆಯ ಆಕಾರಕ್ಕೆ ಸರಿಯಾಗಿ ಚರ್ಮ ಸುಟ್ಟಿತ್ತು, ಮಾಂಸದ ವಾಸನೆ ಹಿಟ್ಟಿನ ವಾಸನೆಯಲ್ಲಿ ಬೆರೆತಿತ್ತು.

ಶಿವಗಂಗವ್ವ ಓಡಿ ಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಹಳ ಹೊತ್ತಿಗೆ ಅವನು ಕಣ್ಣು ಬಿಟ್ಟ. ಸತ್ತು ಬದುಕಿದವನ ಮೊದಲ ಮಾತು ಏನು ಗೊತ್ತೆ?

"ಯಪ್ಪಗ ಹೇಳಬ್ಯಾಡ್ರಿ."

ಮಾಲಿಂಗಪ್ಪನಿಗೆ ಸಿಟ್ಟೇ ಬಂತು. "ಆ ಸಾಹೇಬ ನಿಮ್ಮ ವೈರಿ ಅಲ್ರಿ ಮಾರಾಯ್ರ. ಅಂವಾ ಹೇಳಿದ್ದು ಜೀವಾ ಉಳಿಸೂ ಮಾತು."

ಲೋಳೆಸರ ಹಚ್ಚುತ್ತ ಹಚ್ಚುತ್ತ ಶಿವಗಂಗವ್ವ ಗಂಡನನ್ನು ಹದಕ್ಕೆ ತಂದಳು. ಮಠದ ಅಯ್ಯನವರನ್ನೂ ಕೇಳಿ ಬಂದಳು. "ಲಿಂಗ ಎದಿಮ್ಯಾಲ ಇದ್ರ ಸಾಕವ್ವ. ಮ್ಯಾಲ ಬೆಳ್ಳಿ ಆದ್ರೇನು, ಅರಿವಿ ಆದ್ರೇನು" ಎಂದಿದ್ದರು ಅಯ್ಯನವರು.

"ಮತ್ತ ಪರೀಕ್ಷಾ ಯಾವಾಗ ಐತಿ?" ಎಂದಳು.

"ಬರೂ ತಿಂಗಳ. ಆದ್ರ ಯಪ್ಪಗ ಏನು ಹೇಳೂದು?"

"ಈಗ ಏನೂ ಹೇಳಬ್ಯಾಡ್ರಿ. ಬೆಳ್ಳಿ ನನ್ನ ಕಡೆ ಇರ್ಲಿ. ಪರವಾನಗಿ ತಗೊಂಡು ಬಂದ ದಿನಾ ನೀವ ನಿಮ್ಮ ಬಾಯಿಲೆ ಹೇಳ್ರಿ, ನಾನ ಬಿಚ್ಚಿದ್ನಿ ಅಂತ. ಆಮ್ಯಾಲ ನಾವು ಹೊಳಿ ದಾಟಿ ಹೋಗೂದು. ಹೇಳ್ತೀರಿಲ್ಲೋ?"

"ಹೇಳ್ತೇನಿ."

"ಆಣಿ?"

"ಲಿಂಗದಾಣಿ."

ತಿಂಗಳು ಉರುಳಿತು. ಅಪ್ಪಣ್ಣ ಪರೀಕ್ಷೆಗೆ ಹೊರಟ ಮುಂಜಾನೆ ಮುರಿಗೆಪ್ಪ ಗಾಣದ ಮನೆಯಲ್ಲಿದ್ದ. ಅಡುಗೆಮನೆಯ ಮೂಲೆಯಲ್ಲಿ ಶಿವಗಂಗವ್ವ ತನ್ನ ಹಳೆಯ ಸೀರೆಯ ಅಂಚು ಹರಿದು ಕೊಟ್ಟಳು. ಅಪ್ಪಣ್ಣ ಲಿಂಗವನ್ನು ಅದರಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡ. ಬರಿದಾದ ಬೆಳ್ಳಿಯನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ಜೋಳದ ಗಡಿಗೆಯ ತಳಕ್ಕೆ ಇಳಿಸಿದಳು. ತಿರುಗಿ ನೋಡಿದರೆ ಕಾಶೆವ್ವ ಒಲೆಯ ಮುಂದೆ ಊದುಗೊಳವೆ ಹಿಡಿದು ಇತ್ತಲೇ ನೋಡುತ್ತಿದ್ದಳು. ಅತ್ತೆ ಸೊಸೆಯರ ಕಣ್ಣು ಕೂಡಿದವು. ಕಾಶೆವ್ವ ಮತ್ತೆ ಒಲೆ ಊದಿದಳು.

ಬೆಳ್ಳಿ ಒಂದು ದಿನವಾದರೂ ಅಲ್ಲಿ ಅಡಗಿರಬೇಕಿತ್ತು. ಅಡಗಲಿಲ್ಲ. ಅಗಸಗಿತ್ತಿ ಸತ್ತೆವ್ವ ಜೋಳ ಕೇಳಿಕೊಂಡು ಬಂದಳು. ಹೆಂಗಸರು ಹಿತ್ತಲಲ್ಲಿದ್ದರು. ಎಂದೂ ಗಡಿಗೆಗೆ ಕೈ ಹಾಕದ ಲಕ್ಕಪ್ಪ ಅಂದು ಕೈ ಹಾಕಿದ. ಕೈಗೆ ಜೋಳದ ಜೊತೆ ಬೆಳ್ಳಿ ಬಂತು.

ಮುರಿಗೆಪ್ಪ ಡಬ್ಬಿ ತೆರೆದು ನೋಡಿದ. ಬರಿದು. ಗಾಣದ ಎತ್ತಿಗೆ ಹೊಡೆಯುವ ಬಾರಕೋಲು ಹಿಡಿದೇ ಅಡುಗೆಮನೆಗೆ ಬಂದ. ಹೆಂಗಸರು ಅಷ್ಟರಲ್ಲಿ ಹಿತ್ತಲಿಂದ ಒಳಗೆ ಬಂದಿದ್ದರು.

"ಅಪ್ಪ್ಯಾ ತಾನ ಬಿಚ್ಚಿದ್ನೇನು? ಖರೆ ಹೇಳು. ಹಂಗಾದ್ರ ಈಗ ಬಂಡಿ ಹೂಡ್ತೇನಿ. ಪರೀಕ್ಷಾದ ನಡು ಮಂದ್ಯಾಗ ಅವನ ಜುಟ್ಟಾ ಹಿಡದು ಎಳಕೊಂಡು ಬರ್ತೇನಿ. ಲಕ್ಯಾ, ಎತ್ತು ಬಿಚ್ಚಲೇ!"

ಪರೀಕ್ಷೆ ಮರುದಿನ. ಮುದುಕ ಈಗ ಹೊರಟರೆ ಕತ್ತಲಾಗುವುದರೊಳಗೆ ಸಂಸ್ಥಾನದ ಪೇಟೆ ಮುಟ್ಟುತ್ತಿದ್ದ. ಶಿವಗಂಗವ್ವ ಅದನ್ನು ಲೆಕ್ಕ ಹಾಕಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಅವರಿಗೆ ಗೊತ್ತಿಲ್ರಿ. ನಾನ ಕದ್ದೇನಿ. ಅವರು ಮಲಗಿದ್ದಾಗ ಲಿಂಗಾ ಅರಿವ್ಯಾಗ ಕಟ್ಟಿ ಅವರ ಕೊಳ್ಳಾಗ ಇಟ್ಟು, ಬೆಳ್ಳಿ ತಗೊಂಡ್ನಿ."

"ಯಾಕ?"

"ನಮ್ಮ ಅಣ್ಣಗ ಕೊಡಾಕ."

ಮಗ ಬಿಚ್ಚಿಕೊಟ್ಟ ಎಂಬುದಕ್ಕಿಂತ ಸೊಸೆ ಕದ್ದಳು ಎಂಬುದು ಮುರಿಗೆಪ್ಪನಿಗೆ ಹಗುರ. ಅವನು ನಂಬಿದ. "ಹಿಡಿಲೇ ಅಕೀನ್ನ" ಎಂದ. ಲಕ್ಕಪ್ಪ ಹಿಂದಿನಿಂದ ಅವಳ ತುರುಬು ಹಿಡಿದ. ಮೊದಲ ಏಟು ಬೆನ್ನಿಗೆ ಬಿತ್ತು. ನಂತರದ್ದು ತೊಡೆಗೆ. ಕೋಲು ತಲೆಯ ಮೇಲೆ ಬರುವುದನ್ನು ಕಂಡು ಅವಳು ಎಡಗೈ ಅಡ್ಡ ಹಿಡಿದಳು. ಮೊಣಕೈಯ ಕೆಳಗೆ ಎಲುಬು ಮುರಿದ ಸದ್ದು ಒಲೆಯ ತನಕ ಕೇಳಿಸಿತು. ಆಗ ಅವಳು ಚೀರಿದಳು. ಅಗಸಗಿತ್ತಿ ಸತ್ತೆವ್ವ ಜೋಳ ಬಿಟ್ಟು ಓಡಿಹೋದಳು.

ಇದೆಲ್ಲ ನಡೆಯುವಾಗ ಕಾಶೆವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳು ಒಂದು ಮಾತು ಅಂದಿದ್ದರೆ ಸೊಸೆಯ ಕೈ ಉಳಿಯುತ್ತಿತ್ತು, ಮಗನ ಪರೀಕ್ಷೆ ಹೋಗುತ್ತಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಹಂಚಿನ ಮೇಲೆ ಒಂದು ರೊಟ್ಟಿ ಕರ್ರಗೆ ಸುಟ್ಟುಹೋಯಿತು. ಅದನ್ನು ತಿರುವಿ ಹಾಕಲಿಲ್ಲ, ಇನ್ನೊಂದಕ್ಕೆ ಹಿಟ್ಟು ನಾದಿದಳು. ಅವಳನ್ನು ಬೈಯಲು ನನಗೆ ಬಾಯಿ ಬರುತ್ತದೆ, ಆದರೆ ಆ ಮನೆಯಲ್ಲಿ ಹುಡುಗಿಯಾಗಿ ಕಾಲಿಟ್ಟು ಮುದುಕಿಯಾದವಳು ಅವಳು.

ಕೌಜಲಗಿಯಿಂದ ಎಲುಬು ಕಟ್ಟುವ ಮಾಳಪ್ಪನನ್ನು ಕರೆಸಿದರು. ಕುರಿ ಕಾಯುವ ಮನೆತನದವನು, ಕುರಿಗಳ ಕಾಲು ಕಟ್ಟಿ ಕಟ್ಟಿ ಮನುಷ್ಯರದ್ದೂ ಕಲಿತಿದ್ದ. ಅವನು ಬಿದಿರ ದಬ್ಬೆ ಇಟ್ಟು ಕಟ್ಟುತ್ತ ಕೇಳಿದ, "ಹೆಂಗಾತ್ರಿ ಇದು?"

"ಕಾಲು ಜಾರಿತು" ಎಂದಳು ಕಾಶೆವ್ವ.

ಮಾಳಪ್ಪ ಬೆನ್ನಿನ ಬಾಸುಂಡೆ ನೋಡಿದ. "ಈ ಮನ್ಯಾಗ ಭಾಳ ಜಾರ್ತೈತಿ ನೋಡ್ರಿ" ಎಂದ. ಹೋಗುವಾಗ ಶಿವಗಂಗವ್ವನ ಕಿವಿಯ ಹತ್ತಿರ ಬಗ್ಗಿ, "ತಂಗೀ, ಕುರಿ ಹೊಡಕೊಂಡು ನಮ್ಮ ಮಂದಿ ಹುಕ್ಕೇರಿ ಕಡೆ ಹೊಂಟಾರ. ನಿಮ್ಮ ಅಣ್ಣಗ ಹೇಳಿ ಕಳಸ್ಲೇನು?" ಎಂದ. ಅವಳು ಹೂಂ ಎಂದಳು.

ಅಪ್ಪಣ್ಣ ಪರವಾನಗಿ ತೆಗೆದುಕೊಂಡೇ ಬಂದ. ಸಾಹೇಬ ಅವನ ಕೊರಳ ಅರಿವೆಯ ಗಂಟನ್ನು ಮುಟ್ಟಿ ನೋಡಿ, ಶಾಣ್ಯಾ ಆದಿ ಎಂದು ಬೆನ್ನು ತಟ್ಟಿದ್ದ. ದಾರಿಯಲ್ಲಿ ಪೇಢೆ ಕಟ್ಟಿಸಿಕೊಂಡಿದ್ದ. ಗೋಕಾಕದಲ್ಲಿ ಕಂತ್ರಾಟದಾರನಿಗೆ ಕೆಲಸ ಬಿಡುತ್ತೇನೆಂದು ಹೇಳಿ, ಅಲ್ಲಿದ್ದ ಹಾಸಿಗೆ ಸುತ್ತಿಕೊಂಡು ಬರುವುದರಲ್ಲಿ ವಾರ ಕಳೆದಿತ್ತು.

ಪಡಸಾಲೆಗೆ ಬಂದವನಿಗೆ ಮೊದಲು ಕಂಡದ್ದು ಹೆಂಡತಿಯ ಕೈ. ಅವಳು ಕಂಬಕ್ಕೆ ಒರಗಿ ಕುಳಿತಿದ್ದಳು, ದಬ್ಬೆ ಕಟ್ಟಿದ ಕೈ ಸೆರಗಿನ ಜೋಳಿಗೆಯಲ್ಲಿತ್ತು. ಅಪ್ಪನ ಎದುರು ಬೆಳ್ಳಿ ಕರಡಿಗೆ ಮಣೆಯ ಮೇಲೆ ಇತ್ತು. ಬಾರಕೋಲು ಮಗ್ಗುಲಲ್ಲೇ ಇತ್ತು.

"ಬಾರೋ" ಎಂದ ಮುರಿಗೆಪ್ಪ. "ನಿನ್ನ ಹೇಣ್ತಿ ಕಳ್ಳಿ. ನೀ ಮಲಗಿದಾಗ ಬೆಳ್ಳಿ ಬಿಚ್ಚ್ಯಾಳ. ತಾನ ಒಪ್ಪ್ಯಾಳ. ಅಕೀನ್ನ ತವರಿಗೆ ಅಟ್ಟು, ನಿನಗ ಬ್ಯಾರೆ ಹೆಣ್ಣು ನೋಡ್ತೇನಿ. ನಿನಗೇನೂ ಗೊತ್ತಿರಲಿಲ್ಲ, ಹೌದಿಲ್ಲೋ?"

ಅಪ್ಪಣ್ಣ ಹೆಂಡತಿಯನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಅವಳ ಮುಖದಲ್ಲಿ ಬೇಡಿಕೆ ಇರಲಿಲ್ಲ, ಕಾಯುವಿಕೆ ಇತ್ತು. ಒಂದೇ ಒಂದು ಮಾತು. ನಾನ ಬಿಚ್ಚಿದ್ನಿ. ಕಿಸೆಯಲ್ಲಿ ಎರಡು ರಾಜ್ಯದ ಪರವಾನಗಿ ಇದ್ದವನು ಬಾಯಿ ತೆರೆದ, ಮುಚ್ಚಿದ. ಪೇಢೆಯ ಪುಡಿಕೆ ಅವನ ಕೈಯಲ್ಲಿ ನುಗ್ಗಾಯಿತು.

"ಹೌದಿಲ್ಲೋ, ಮಾತಾಡ್ಲೇ!"

"ಯಪ್ಪಾ, ಅದು..." ಎಂದ ಅಪ್ಪಣ್ಣ. ಅಷ್ಟೇ ಎಂದ.

ಮಾತು ಬಂದದ್ದು ಅಡುಗೆಮನೆಯ ಬಾಗಿಲಿನಿಂದ. "ಅಕಿ ಕದ್ದಿಲ್ಲ" ಎಂದಳು ಕಾಶೆವ್ವ. ಅವಳ ಕೈಗೆ ಹಿಟ್ಟು ಮೆತ್ತಿತ್ತು. "ಅಂವಾ ತಾನ ಬಿಚ್ಚಿ ಅಕಿ ಕೈಯಾಗ ಕೊಟ್ಟ. ನಾ ನೋಡೇನಿ. ನೀವು ಹೋಗಿ ಪರೀಕ್ಷಾ ಕೆಡಸ್ತೀರಿ ಅಂತ ಅಕಿ ಕೈ ಮುರಸ್ಕೊಂಡ್ಳು."

"ನೋಡಿದ್ದಿ? ನೋಡಿ ಸುಮ್ಮನ ಇದ್ದಿಯೇನ ನೀ?"

ಮುರಿಗೆಪ್ಪ ಎದ್ದ. ಬಾರಕೋಲು ಕಾಶೆವ್ವನ ಹೆಗಲ ಮೇಲೆ ಬಿತ್ತು. ಮುದುಕಿ ಬಾಗಿಲ ಚೌಕಟ್ಟಿಗೆ ಬಡಿದು ಕುಸಿದಳು. ಕೋಲು ಮತ್ತೆ ಮೇಲೆ ಹೋದಾಗ ಅಪ್ಪಣ್ಣ ಹಾರಿ ಅದನ್ನು ಕಸಿದುಕೊಂಡ, ಕಸಿದುಕೊಂಡ ಕೈಯಿಂದಲೇ ಅಪ್ಪನ ಮುಖಕ್ಕೆ ಬೀಸಿದ. ಮುರಿಗೆಪ್ಪನ ತುಟಿ ಒಡೆಯಿತು, ಹಲ್ಲೊಂದು ನೆಲಕ್ಕೆ ಬಿತ್ತು, ಅವನೂ ಬಿದ್ದ. ಬಿದ್ದವನಿಗೆ ಅಪ್ಪಣ್ಣ ಮತ್ತೆ ಹೊಡೆದ. ಲಕ್ಕಪ್ಪ ಓಡಿ ಬಂದು ತಮ್ಮನ ಅಂಗಿ ಹಿಡಿದು ಜಗ್ಗಿದ. ಅಂಗಿ ಹರಿದು ಎದೆಯ ಮೇಲಿನ ಸುಟ್ಟ ಗಾಯ ಹೊರಬಿತ್ತು. ಇಬ್ಬರೂ ಮಣೆಯ ಮೇಲೆ ಉರುಳಿದರು. ಅಣ್ಣನ ಗಂಟಲು ಅದುಮಿ ಹಿಡಿದ ಅಪ್ಪಣ್ಣ, ಅವನ ಕಣ್ಣು ಮೇಲೆ ಹೋದಾಗ ಬಿಟ್ಟ. ಲಕ್ಕಪ್ಪ ಕೆಮ್ಮುತ್ತ ಮೂಲೆಗೆ ಸರಿದ.

ಅಪ್ಪಣ್ಣ ಏದುಸಿರು ಬಿಡುತ್ತ ಎದ್ದು ನಿಂತ. ಹುಟ್ಟಿದಾಗಿನಿಂದ ಹೆದರಿದ ಅಪ್ಪ ಅವನ ಕಾಲ ಬುಡದಲ್ಲಿ ಬಿದ್ದಿದ್ದ. ಕೈಯಲ್ಲಿ ಬಾರಕೋಲು ಇತ್ತು. ಅವನು ಹೆಂಡತಿಯ ಕಡೆ ತಿರುಗಿದ. ಅವನ ಮುಖದಲ್ಲಿ ಒಂದು ಹಿಗ್ಗೇ ಇತ್ತು ಎಂದರೆ ನಂಬಬೇಕು.

"ನೋಡಿದಿ?" ಎಂದ. "ನಡಿ, ಹೋಗೂಣು."

ಶಿವಗಂಗವ್ವ ಕಂಬ ಹಿಡಿದು ಎದ್ದಳು. ಅವನ ಹತ್ತಿರ ಬರಲಿಲ್ಲ.

"ಅತ್ತಿ ಅವತ್ತ ಸುಮ್ಮನ ಇದ್ರು. ನಾ ಸಿಟ್ಟಾಗಿಲ್ರಿ. ಅವತ್ತ ಪರೀಕ್ಷಾ ಇತ್ತು. ಇವತ್ತ ಪರೀಕ್ಷಾ ಮುಗದಿತ್ತಲ್ರಿ. ಇವತ್ತ ಯಾಕ ಸುಮ್ಮನ ಇದ್ರಿ?"

"ಯಪ್ಪನ್ನ ಹೊಡದೆನಲ್ಲ ನಿನ್ನ ಸಲುವಾಗಿ!"

"ಒಂದ ಮಾತು ಕೇಳಿದ್ನಿ, ನೀವು ಕೈ ಎತ್ತಿದ್ರಿ. ಈ ಮನ್ಯಾಗ ಕೈ ಎತ್ತಾಕ ಪರವಾನಗಿ ಯಾರಿಗೂ ಬೇಕಾಗಿಲ್ಲ. ಆ ಎರಡ ಕೋಣ್ಯಾಗೂ ನಾಳೆ ಹಿಂಗ ಎತ್ತತೀರಿ. ನಾ ಬರಂಗಿಲ್ಲ."

ಹೊರಗೆ ಬಂಡಿ ನಿಂತ ಸದ್ದಾಯಿತು. ಮಾಳಪ್ಪನ ಮಂದಿಯಿಂದ ಸುದ್ದಿ ತಿಳಿದು ಮಾಲಿಂಗಪ್ಪ ಬಂದಿದ್ದ. ಬಾಗಿಲಲ್ಲಿ ನಿಂತು ಪಡಸಾಲೆ ನೋಡಿದ, ತಂಗಿಯ ಕೈ ನೋಡಿದ. ಅಪ್ಪಣ್ಣನ ಕೈಯಲ್ಲಿದ್ದ ಕೋಲು ನೋಡಿ ಅವನ ಮೇಲೇ ಎರಗಲು ಹೋದ. "ಬ್ಯಾಡೋ ಅಣ್ಣಾ" ಎಂದಳು ಶಿವಗಂಗವ್ವ. "ಇಲ್ಲಿ ಇನ್ನ ಯಾರೂ ಹೊಡಿಯೂದು ಬ್ಯಾಡ. ಬಂಡಿ ತಿರಗಸು."

ಅವಳು ಅಣ್ಣನ ಹೆಗಲು ಹಿಡಿದು ಬಂಡಿ ಹತ್ತಿದಳು. ಅಪ್ಪಣ್ಣ ಅಂಗಳದ ತನಕ ಬಂದ. ಬಾರಕೋಲು ಇನ್ನೂ ಕೈಯಲ್ಲೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಆಗ ಕಾಶೆವ್ವ ಒಳಗಿನಿಂದ ಬಂದಳು. ಒಂದು ಹೆಗಲು ಕೆಳಗೆ ಜೋತಿತ್ತು. ಇನ್ನೊಂದು ಕೈಯಲ್ಲಿ ಬುತ್ತಿಯ ಗಂಟು. ಬಂಡಿಯ ಹತ್ತಿರ ಬಂದು ಅದನ್ನು ಸೊಸೆಯ ತೊಡೆಯ ಮೇಲೆ ಇಟ್ಟಳು.

"ಖಡಕ್ ರೊಟ್ಟಿ ಅವ. ದಾರ್ಯಾಗ ಉಣ್ಣು."

ಶಿವಗಂಗವ್ವ ಗಂಟು ನೋಡಿದಳು. "ಒಂದ ಕೈಲೆ ಹೆಂಗ ಮುರೀಲ್ರಿ ಅತ್ತಿ?"

ಅದನ್ನು ಚುಚ್ಚಿ ಅಂದಳೋ, ಬರೀ ಕೇಳಿದಳೋ, ಹೇಳುವುದು ಕಷ್ಟ. ಕಾಶೆವ್ವ ಸೊಸೆಯ ದಬ್ಬೆ ಕಟ್ಟಿದ ಕೈ ನೋಡಿದಳು. ಆಮೇಲೆ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, "ಮಾಲಿಂಗಪ್ಪಾ, ಕೈ ಕೊಡಪಾ" ಎಂದಳು. ಅವನು ಕೈ ಕೊಟ್ಟ. ಮುದುಕಿ ಬಂಡಿ ಹತ್ತಿ ಸೊಸೆಯ ಮಗ್ಗುಲಲ್ಲಿ ಕುಳಿತು, ಗಂಟು ಬಿಚ್ಚಿ ರೊಟ್ಟಿ ಮುರಿದಳು.

"ಯವ್ವಾ, ನೀ ಎಲ್ಲಿಗೆ?" ಎಂದ ಅಪ್ಪಣ್ಣ.

ಕಾಶೆವ್ವ ತಿರುಗಿ ನೋಡಲಿಲ್ಲ. ಬಂಡಿ ಹುಕ್ಕೇರಿಯ ದಾರಿ ಹಿಡಿಯಿತು. ಒಳಗೆ ಮುರಿಗೆಪ್ಪ ನೀರು ನೀರು ಎಂದು ಒದರುತ್ತಿದ್ದ, ಲಕ್ಕಪ್ಪ ಅವ್ವಾ ಎಂದು ಕೂಗುತ್ತಿದ್ದ. ಒಲೆಯ ಮೇಲೆ ಖಾಲಿ ಹಂಚು ಕಾದು ಕೆಂಪಾಗುತ್ತಿತ್ತು. ಅದನ್ನು ಇಳಿಸಲು ಆ ಮನೆಯಲ್ಲಿ ಈಗ ಹೆಂಗಸರು ಯಾರೂ ಇರಲಿಲ್ಲ.